ಮನೆ ಶೆಡ್‌ನಲ್ಲಿ ಅಲ್ಯೂಮಿನಿಯಂ ಆರ್ಗಾನ್ ವೆಲ್ಡಿಂಗ್: ಕಪ್ಪು ಮಸಿ, ಹಿಡಿಯದ ರಾಡ್, ಟ್ಯಾಕ್‌ನಲ್ಲೇ ಬಿರುಕು

ಶೆಡ್_7

ನಮಸ್ಕಾರ. ವಿವರ ಪೂರ್ತಿ ಕೊಡುತ್ತೇನೆ. ಅರ್ಧಂಬರ್ಧ ಕೇಳಿದರೆ ಉತ್ತರವೂ ಹಾಗೇ ಬರುತ್ತದೆ.

ಕೆಲಸ: ಪಿಕಪ್ ಗಾಡಿಯ ಹಿಂಭಾಗಕ್ಕೆ ಟೂಲ್ ಪೆಟ್ಟಿಗೆ. ಅಲ್ಯೂಮಿನಿಯಂ ಶೀಟ್ 5052 (ಮಿಶ್ರಲೋಹದ ನಂಬರ್), 3 ಮಿ.ಮೀ. ಒಳಚೌಕಟ್ಟಿಗೆ 6063 ಚೌಕ ಪೈಪ್, 25×25, ಗೋಡೆ 2 ಮಿ.ಮೀ.

ಮೆಷಿನ್: ಸಿಂಗಲ್ ಫೇಸ್ ಎಸಿ/ಡಿಸಿ ಟಿಗ್ (ಆರ್ಗಾನ್ ವೆಲ್ಡಿಂಗ್) ಇನ್ವರ್ಟರ್, 200 ಆಂಪ್. ಆಂಪ್ ಏರಿಳಿಸುವ ಕಾಲಿನ ಪೆಡಲ್ ಇಲ್ಲ, ಟಾರ್ಚ್ ಸ್ವಿಚ್ ಮಾತ್ರ. ಕೆಂಪು ತುದಿಯ 2.4 ಮಿ.ಮೀ. ಟಂಗ್‌ಸ್ಟನ್ (ಆರ್ಕ್ ಹೊರಡುವ ಕಡ್ಡಿ), 6ನೇ ನಂಬರ್ ಸಿರಾಮಿಕ್ ಕಪ್ (ಗ್ಯಾಸ್ ಹೊರಬರುವ ಬಾಯಿ), ಆರ್ಗಾನ್ ನಿಮಿಷಕ್ಕೆ 15 ಲೀಟರ್. ಕರಗಿಸಿ ತುಂಬುವ ರಾಡ್ 4043, 2.4 ಮಿ.ಮೀ. ತೂತು ಬಿದ್ದೀತೆಂದು 3 ಮಿ.ಮೀ. ಶೀಟಿಗೆ 90 ಆಂಪ್ ಇಟ್ಟಿದ್ದೇನೆ.

ಆಗುತ್ತಿರುವುದು: ವೆಲ್ಡ್ ಮೇಲೆ, ಪಕ್ಕದಲ್ಲಿ ಕರಿ ಮಸಿ. ರಾಡ್ ಒಳಗೆ ಸೇರದೆ ಗುಂಡಾಗಿ ಉರುಳುತ್ತದೆ. ಸ್ವಲ್ಪ ಹೊತ್ತು ಹಿಡಿದರೆ ಇಡೀ ಅಂಚು ಒಮ್ಮೆಗೇ ಕುಸಿಯುತ್ತದೆ. ಪೈಪಿಗೆ ರಾಡ್ ಇಲ್ಲದೆ ಹಾಕಿದ ಟ್ಯಾಕ್‌ಗಳು (ತುಂಡುಗಳನ್ನು ಜಾಗದಲ್ಲಿ ಹಿಡಿದಿಡುವ ಚಿಕ್ಕ ವೆಲ್ಡ್) ತಣ್ಣಗಾಗುವಷ್ಟರಲ್ಲೇ ಬಿರುಕು ಬಿಡುತ್ತವೆ. ಟಂಗ್‌ಸ್ಟನ್ ತುದಿ ಬಟಾಣಿ ಕಾಳಿನಂತೆ ಊದುತ್ತದೆ. ಎಲ್ಲಿಂದ ಶುರು ಮಾಡಲಿ?

ಪೀಣ್ಯ_ಟಿಗ್

ರಾಡ್ ಪಕ್ಕಕ್ಕಿಡಿ ಸರ್. ಮೊದಲು ಗ್ಯಾಸೋ, ಸೆಟ್ಟಿಂಗೋ, ಕೊಳೆಯೋ ಎಂದು ಬೇರ್ಪಡಿಸಬೇಕು.

5052 ತುಂಡೊಂದನ್ನು ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಸ್ಟೇನ್‌ಲೆಸ್ ಬ್ರಶ್‌ನಲ್ಲಿ ಉಜ್ಜಿ. ಎಸಿಯಲ್ಲಿ 120 ಆಂಪ್ ಇಟ್ಟು ಒಂದೇ ಕಡೆ 3–4 ಸೆಕೆಂಡ್ ಆರ್ಕ್ ಹಿಡಿದು ಬಿಡಿ. ಆರ್ಕ್ ನಿಂತ ಮೇಲೂ ಗ್ಯಾಸ್ ನಿಲ್ಲುವ ತನಕ ಟಾರ್ಚ್ ಅಲ್ಲೇ ಇರಲಿ. ನಡುವೆ ಕನ್ನಡಿಯಂಥ ಹೊಳೆಯುವ ಚುಕ್ಕೆ, ಸುತ್ತ ಮಂಜಿನಂಥ ಬಿಳಿ ಪಟ್ಟಿ ಕಂಡರೆ ಗ್ಯಾಸೂ ಸರಿ, ಕ್ಲೀನಿಂಗೂ ಸರಿ. ಚುಕ್ಕೆಯೇ ಬೂದು ಅಥವಾ ಕಪ್ಪಾದರೆ ಗ್ಯಾಸ್ ತಲುಪುತ್ತಿಲ್ಲ, ಇಲ್ಲವೇ ಗ್ಯಾಸೇ ಕೆಟ್ಟದ್ದು. ಚುಕ್ಕೆ ಹೊಳೆದು ಬಿಳಿ ಪಟ್ಟಿ ಮಾತ್ರ ಇಲ್ಲದಿದ್ದರೆ ಬ್ಯಾಲೆನ್ಸ್ (ಎಸಿಯ ನೆಗೆಟಿವ್, ಪಾಸಿಟಿವ್ ಹೊತ್ತಿನ ಹಂಚಿಕೆ) ತಪ್ಪಿದೆ. ಟಂಗ್‌ಸ್ಟನ್ ಕೂಡ ನೋಡಿ. ಬೆಳ್ಳಿ ಬಣ್ಣವಿದ್ದರೆ ಸರಿ, ನೀಲಿ ಅಥವಾ ಕಪ್ಪಾಗಿದ್ದರೆ ಪೋಸ್ಟ್ ಫ್ಲೋ (ಆರ್ಕ್ ನಿಂತ ಮೇಲೂ ಬರುವ ಗ್ಯಾಸ್) ಕಡಿಮೆ. 10 ಆಂಪಿಗೆ 1 ಸೆಕೆಂಡ್ ಲೆಕ್ಕ ಹಿಡಿದರೆ 120 ಆಂಪಿಗೆ 12 ಸೆಕೆಂಡ್. ಜನ ಗ್ಯಾಸ್ ಉಳಿಸಲು ಹೋಗಿ ಇಲ್ಲೇ ಟಂಗ್‌ಸ್ಟನ್ ಸುಡುತ್ತಾರೆ.

ಇನ್ನು ಬ್ಯಾಲೆನ್ಸ್ ನಾಬ್. ಕೆಲವು ಮೆಷಿನ್‌ನಲ್ಲಿ ಅದು ತೋರಿಸುವ ಅಂಕಿ ಟಂಗ್‌ಸ್ಟನ್ ನೆಗೆಟಿವ್ ಇರುವ ಪಾಲು, ಇನ್ನು ಕೆಲವಲ್ಲಿ ಪಾಸಿಟಿವ್ ಪಾಲು. ಒಂದರಲ್ಲಿ 70 ಎಂದರೆ ಇನ್ನೊಂದರಲ್ಲಿ 30. ಮ್ಯಾನುವಲ್ ನೋಡದೆ ಇಂಟರ್ನೆಟ್ಟಿನ ಅಂಕಿ ತಿರುಗಿಸಿದರೆ ಟಂಗ್‌ಸ್ಟನ್ ಊದಿಕೊಳ್ಳುವುದು ಖಂಡಿತ, ಏಕೆಂದರೆ ಪಾಸಿಟಿವ್ ಹೊತ್ತಿನಲ್ಲಿ ಬಿಸಿಯ ಹೆಚ್ಚು ಭಾಗ ಕಡ್ಡಿಗೇ ಹೋಗುತ್ತದೆ. ನೆಗೆಟಿವ್ 70, ಪಾಸಿಟಿವ್ 30ರಿಂದ ಶುರು ಮಾಡಿ. ಶೀಟ್ ಹೊಸದು, ಶುದ್ಧವಾಗಿದ್ದರೆ 75/25ರವರೆಗೆ ಹೋಗಬಹುದು. ಹಳೆ ಮಾಲಿಗೆ 65/35. ಫ್ರೀಕ್ವೆನ್ಸಿ 80–100 ಹರ್ಟ್ಸ್. ಒಳಮೂಲೆಗೆ 120 ಇಟ್ಟರೆ ಆರ್ಕ್ ಕಿರಿದಾಗಿ ಜೋಡಣೆಯ ತಳಕ್ಕೆ ಹೋಗುತ್ತದೆ.

ಲೋಹಪಾಕ

ಉರುಳುವ ರಾಡ್‌ನ ಕಾರಣ ಹೇಳುತ್ತೇನೆ, ಅದು ತಿಳಿದರೆ ಕ್ಲೀನಿಂಗ್ ಯಾಕೆ ಬೇಸರದ ಕೆಲಸವಲ್ಲ ಎಂದು ಗೊತ್ತಾಗುತ್ತದೆ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಯೂ ಸಾಲದು. ಒಳಗೆ ಲೋಹ ನೀರಾಗಿದ್ದರೂ ಹೊರಗೆ ಪೊರೆ ಚೀಲದಂತೆ ಹಿಡಿದಿರುತ್ತದೆ. ರಾಡ್ ಆ ಚೀಲದ ಮೇಲೆ ಬೀಳುತ್ತದೆ, ಒಳಗಿನ ಲೋಹಕ್ಕೆ ಸೇರುವುದಿಲ್ಲ. ಎಸಿಯ ಪಾಸಿಟಿವ್ ಅರ್ಧ ಈ ಪೊರೆಯನ್ನು ಒಡೆಯುತ್ತದೆ. ಹೊಸದಾಗಿ ಕೆರೆದ ಲೋಹದ ಪೊರೆ ಕೆಲವೇ ನ್ಯಾನೋಮೀಟರ್ ದಪ್ಪ, ಅದನ್ನು ಆರ್ಕ್ ಸಲೀಸಾಗಿ ತೆಗೆಯುತ್ತದೆ. ಮಳೆಗೆ ನೆನೆದು ಬಿಳಿ ಹಿಡಿದ ಶೀಟು, ಆನೊಡೈಸ್ ಮಾಡಿದ ಕಿಟಕಿ ಸೆಕ್ಷನ್ ಇವು ಬೇರೆ ಮಾತು. ಆನೊಡೈಸ್ ಪದರ 10–25 ಮೈಕ್ರಾನ್ ಇರಬಹುದು, ಜೊತೆಗೆ ಅದು ವಿದ್ಯುತ್ ನಿರೋಧಕ. ಬ್ಯಾಲೆನ್ಸ್ ಎಷ್ಟು ತಿರುಗಿಸಿದರೂ ಹೋಗದು. ವೆಲ್ಡ್ ಜಾಗದ ಎರಡೂ ಬದಿ 25 ಮಿ.ಮೀ. ಫ್ಲಾಪ್ ಡಿಸ್ಕ್‌ನಲ್ಲಿ ಕೆರೆದು ಬಿಳಿ ಲೋಹ ಕಾಣಿಸಬೇಕು. ಅರ್ತಿಂಗ್ ಕ್ಲಾಂಪ್ ಕಚ್ಚುವ ಜಾಗವನ್ನೂ ಮರೆಯಬೇಡಿ.

ಕ್ರಮ ಮುಖ್ಯ. ಮೊದಲು ಎಣ್ಣೆ, ಆಮೇಲೆ ಆಕ್ಸೈಡ್. ತಿರುಗಾಮುರುಗಾ ಮಾಡಿದರೆ ಬ್ರಶ್ಶೇ ಎಣ್ಣೆಯನ್ನು ಗೀರುಗಳೊಳಗೆ ತುಂಬುತ್ತದೆ. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒಂದೇ ದಿಕ್ಕಿಗೆ ಒರೆಸಿ, ಬಟ್ಟೆ ಬದಲಿಸಿ ಮತ್ತೆ ಒರೆಸಿ, ಬಟ್ಟೆಗೆ ಕಲೆ ಹತ್ತದಾಗುವ ತನಕ. ಒಣಗಿದ ಮೇಲೆ ಸ್ಟೇನ್‌ಲೆಸ್ ಕೈಬ್ರಶ್, ಹಗುರ ಕೈ, ಒಂದೇ ದಿಕ್ಕು. ಈ ಬ್ರಶ್ ಕಬ್ಬಿಣದ ಕೆಲಸಕ್ಕೆ ಒಮ್ಮೆಯೂ ತಾಗಿರಬಾರದು. ಗ್ರೈಂಡರ್‌ಗೆ ಸಿಗಿಸುವ ವೈರ್ ವೀಲ್ ಬೇಡ, ಮೆತ್ತನೆ ಲೋಹವನ್ನು ಅದು ಸವರಿ ಆಕ್ಸೈಡನ್ನು ಒಳಕ್ಕೆ ಮಡಚುತ್ತದೆ. ರಾಡ್‌ ಕೂಡ ಒರೆಸಲೇಬೇಕು. ಒರೆಸಿದ ಬಟ್ಟೆ ಎಷ್ಟು ಕಪ್ಪಾಗುತ್ತದೆ ನೋಡಿ, ಆ ಕಪ್ಪೆಲ್ಲ ವೆಲ್ಡ್ ಒಳಗೆ ಹೋಗುತ್ತಿತ್ತು.

ಹುಬ್ಬಳ್ಳಿ_ಆರ್ಗಾನ್

90 ಆಂಪ್ ಕಡಿಮಿ ಆತ್ರಿ. ಜನ ತಿಳಕೊಂಡದ್ದು ಉಲ್ಟಾ ಐತಿ. ಆಂಪ್ ಕಡಿಮಿ ಇಟ್ರ ತೂತು ಬೀಳೂದಿಲ್ಲ ಅಂತಾರ, ಅಲ್ಯೂಮಿನಿಯಂನ್ಯಾಗ ಆಂಪ್ ಕಡಿಮಿ ಇದ್ರನ ತೂತು ಬೀಳತೈತಿ. ಶಾಖ ನಿಂತಲ್ಲೆ ನಿಲ್ಲೂದಿಲ್ರಿ, ಇಡೀ ಶೀಟಿಗೆ ಹರಕೊಂತ ಹೋಗತೈತಿ. ಪಡಲ್ (ಕರಗಿದ ಲೋಹದ ಮಡು) ಆಗೂದರಾಗ ಸುತ್ತಲಿನ ಲೋಹ ಎಲ್ಲಾ ಕಾದು ಮೆತ್ತಗಾಗಿರತೈತಿ, ಒಮ್ಮೆಲೆ ಧಪ್ ಅಂತ ಇಳೀತೈತಿ.

ಒಂದು ಮಿ.ಮೀ.ಗೆ 40 ಆಂಪ್ ಲೆಕ್ಕಾ ಇಟ್ಕೋರಿ. 3 ಮಿ.ಮೀ.ಗೆ 120, ಒಳಮೂಲಿಗೆ 130–135. 2 ಮಿ.ಮೀ. ಪೈಪಿಗೆ 80–85. ಶುರುವಿನ್ಯಾಗ 2–3 ಸೆಕೆಂಡಿನ್ಯಾಗ ಪಡಲ್ ಹೊಳೀಬೇಕು. ಐದಾರು ಸೆಕೆಂಡ್ ಆದ್ರೂ ಆಗಲಿಲ್ಲಂದ್ರ ಕೈ ಬಿಡ್ರಿ, ಆಂಪ್ ಏರಿಸ್ರಿ. ಕಬ್ಬಿಣದಂಗ ಕೆಂಪಗಾಗ್ತೈತಿ ಅಂತ ಕಾಯಬ್ಯಾಡ್ರಿ, ಇದು ಕೆಂಪಾಗೂದಿಲ್ಲ, ಬರೇ ಹೊಳೀತೈತಿ.

ಟಾರ್ಚ್ ನೆಟ್ಟಗ ಹಿಡೀರಿ, 10–15 ಡಿಗ್ರಿಗಿಂತ ಜಾಸ್ತಿ ವಾಲಿಸಬ್ಯಾಡ್ರಿ. ವಾಲಿಸಿದ್ರ ಹಿಂದಿನಿಂದ ಗಾಳಿ ಒಳಗ ಎಳಕೊಂತೈತಿ, ನಿಮ್ಮ ಕರಿ ಮಸಿ ಅರ್ಧಕ್ಕರ್ಧ ಅದೇ ಇರಬಹುದು. ಆರ್ಕ್ ಉದ್ದ 2.5–3 ಮಿ.ಮೀ., ಅಂದ್ರ ಕಡ್ಡಿ ದಪ್ಪದಷ್ಟ. ರಾಡ್ ಆರ್ಕಿಗೆ ತೋರಿಸಬ್ಯಾಡ್ರಿ, ಪಡಲಿನ ಮುಂದಿನ ಅಂಚಿಗೆ ಚುಚ್ಚಿ ಹಿಂದ ತಗೀರಿ, ಆದ್ರ ಗ್ಯಾಸ್ ಬಿಟ್ಟು ಹೊರಗ ಒಯ್ಯಬ್ಯಾಡ್ರಿ. ಹೊರಗ ಹೋದ ಬಿಸಿ ತುದಿಗೆ ಆಕ್ಸೈಡ್ ಕೂಡತೈತಿ, ಮುಂದಿನ ಚುಚ್ಚಿಗೆ ಅದೂ ಒಳಗ.

ಪೆಡಲ್ ಇಲ್ಲಂದ್ರಿ. ಸ್ವಿಚ್ 4ಟಿ (ಒಮ್ಮೆ ಒತ್ತಿ ಬಿಟ್ರೂ ಆರ್ಕ್ ನಡೆಯೂದು) ಮ್ಯಾಲೆ ಇಡ್ರಿ, ಡೌನ್ ಸ್ಲೋಪ್ (ಕೊನೆಗೆ ಆಂಪ್ ನಿಧಾನ ಇಳಿಯೂದು) 4–5 ಸೆಕೆಂಡ್ ಕೊಡ್ರಿ. ಕೊನೆಗೆ ಡೌನ್ ಸ್ಲೋಪ್ ನಡದಾಗ ಇನ್ನೊಂದು ಹನಿ ರಾಡ್ ಹಾಕ್ರಿ. ಹಂಗ ಮಾಡದ ಕಟ್ ಮಾಡಿದ್ರ ಕೊನೀ ಗುಳಿಯೊಳಗ ನಕ್ಷತ್ರದಂಗ ಬಿರುಕು ಬರತೈತಿ, ಅದು ಆಮ್ಯಾಲೆ ಇಡೀ ವೆಲ್ಡ್ ಉದ್ದಕ್ಕ ಓಡತೈತಿ. 150 ಮಿ.ಮೀ. ವೆಲ್ಡ್ ಆದ ಮ್ಯಾಲೆ ನಿಲ್ಲಿಸಿ ಆರಾಕ ಬಿಡ್ರಿ. ನಿಲ್ಲಸ್ದ ಹೋಗೂದಿದ್ರ ಆಂಪ್ 10–15 ಇಳಿಸಬೇಕು.

ಪೀಣ್ಯ_ಟಿಗ್

ಕೆಂಪು ಟಂಗ್‌ಸ್ಟನ್ ಬಗ್ಗೆ ಯಾರೂ ಹೇಳಲಿಲ್ಲ. ಅದು ಥೋರಿಯಂ ಬೆರೆಸಿದ್ದು, ಡಿಸಿಗೆ ಒಳ್ಳೆಯದು, ಎಸಿಯಲ್ಲಿ ತುದಿ ಒಡೆದು ಗಂಟುಗಂಟಾಗುತ್ತದೆ. ಥೋರಿಯಂ ಸ್ವಲ್ಪ ವಿಕಿರಣಶೀಲ ಬೇರೆ, ಅರೆಯುವಾಗ ಧೂಳು ಮೂಗಿಗೆ ಹೋಗಬಾರದು. ಚಿನ್ನದ ಬಣ್ಣದ ಅಥವಾ ನೀಲಿ ತುದಿಯ ಲ್ಯಾಂಥನಂ ಕಡ್ಡಿ ತನ್ನಿ, 2.4 ಮಿ.ಮೀ. ಉದ್ದುದ್ದಕ್ಕೆ ಅರೆದು ಮೊನೆಯನ್ನು ಸ್ವಲ್ಪ ಮೊಂಡು ಮಾಡಿ.

ಹಳೇ_ಟ್ರಾನ್ಸ್‌ಫಾರ್ಮರ್

ಅಲ್ಯೂಮಿನಿಯಂಗೆ ಹಸಿರು ಕಡ್ಡಿಯೇ ಸರಿ. ಪುಸ್ತಕದಲ್ಲೂ ಹಾಗೇ ಇದೆ. ತುದಿ ಗುಂಡಾಗಬೇಕು, ಗುಂಡಾದರೇ ಆರ್ಕ್ ನಿಲ್ಲುವುದು.

ಪೀಣ್ಯ_ಟಿಗ್

ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನ್‌ಗೆ ನೀವು ಹೇಳಿದ್ದು ನಿಜ ಸರ್. ಅದರಲ್ಲಿ ಎರಡೂ ಅರ್ಧ ಹೆಚ್ಚು ಕಡಿಮೆ ಸಮ, ಕಡ್ಡಿಗೆ ಬೀಳುವ ಶಾಖ ಜಾಸ್ತಿ, ಶುದ್ಧ ಟಂಗ್‌ಸ್ಟನ್ನಿನ ಗುಂಡು ತುದಿ ಅದಕ್ಕೆ ಹೊಂದುತ್ತದೆ. ಇನ್ವರ್ಟರ್‌ನಲ್ಲಿ ಪಾಸಿಟಿವ್ ಪಾಲು 30ಕ್ಕೆ ಇಳಿದಿರುತ್ತದೆ. ಮೊನೆ ಇರುವ ಲ್ಯಾಂಥನಂ ಕಡ್ಡಿಯೇ ನಿಲ್ಲುತ್ತದೆ, ಆರ್ಕ್ ಕಿರಿದಾಗಿ ಬೇಕಾದಲ್ಲಿಗೆ ಹೋಗುತ್ತದೆ. ಹಸಿರು ಕಡ್ಡಿ ಹಾಕಿದರೆ ಗುಂಡು ಅಲ್ಲಾಡಿ ಆರ್ಕ್ ಅಲೆಯುತ್ತದೆ. ನಿಮ್ಮ ಮೆಷಿನ್‌ಗೆ ಹಸಿರು ಇರಲಿ, ಇವರದಕ್ಕೆ ಬೇಡ.

ಕಡಲತಡಿ_ಫ್ಯಾಬ್

ಗ್ಯಾಸ್ 15 ಲೀಟರ್ ಇಟ್ಟದ್ದು ಜಾಸ್ತಿಯಾಯ್ತು ಮಾರಾಯ್ರೆ. 6ನೇ ಕಪ್ಪಿನಲ್ಲಿ ಅಷ್ಟು ಬಿಟ್ಟರೆ ಗ್ಯಾಸ್ ಸುಳಿ ಸುತ್ತಿ ಹೊರಗಿನ ಗಾಳಿಯನ್ನೇ ಒಳಗೆ ತರ್ತದೆ. ಕಪ್ಪಿನ ನಂಬರ್ ಅಂದ್ರೆ ಇಂಚಿನ ಹದಿನಾರನೇ ಒಂದು ಭಾಗದ ಲೆಕ್ಕ. 6 ಅಂದ್ರೆ ಸುಮಾರು 9.5 ಮಿ.ಮೀ. ಬಾಯಿ, 7 ಅಂದ್ರೆ 11. ನೀವು 7ನೇದು ಹಾಕಿ, 8–10 ಲೀಟರ್ ಸಾಕು. ಟಂಗ್‌ಸ್ಟನ್ ಹೊರಗೆ 5–6 ಮಿ.ಮೀ. ಗ್ಯಾಸ್ ಲೆನ್ಸ್ (ಗ್ಯಾಸನ್ನು ಸಮವಾಗಿ ಬಿಡುವ ಜಾಲರಿ) ಇದ್ರೆ ಇನ್ನೂ ಸ್ವಲ್ಪ ಹೊರಗೆ ತರಬಹುದು. 10 ಲೀಟರಿಗೆ ಲೆಕ್ಕ ಹಾಕಿ: 7 ಘನ ಮೀಟರಿನ ದೊಡ್ಡ ಸಿಲಿಂಡರ್ ಹನ್ನೊಂದೂವರೆ ಗಂಟೆಯಷ್ಟು ಗ್ಯಾಸ್ ಕೊಡ್ತದೆ, 1.5 ಘನ ಮೀಟರಿನ ಚಿಕ್ಕದು ಎರಡೂವರೆ ಗಂಟೆ. ಪೋಸ್ಟ್ ಫ್ಲೋ ಅದರೊಳಗೇ ಬಂತು.

ಸಿಲಿಂಡರ್ ತರುವಾಗ ಶುದ್ಧ ಆರ್ಗಾನ್ ಅಂತ ಎರಡು ಸಲ ಕೇಳಿ. ಕಬ್ಬಿಣದ ಮಿಗ್‌ಗೆ (ವೈರ್ ತಾನೇ ಬರುವ ವೆಲ್ಡಿಂಗ್) ಕೊಡುವ ಕಾರ್ಬನ್ ಡೈಆಕ್ಸೈಡ್ ಬೆರೆತ ಮಿಕ್ಸ್ ಬಂದ್ರೆ ಟಂಗ್‌ಸ್ಟನ್ ಅಲ್ಲೇ ಸುಟ್ಟುಹೋಗ್ತದೆ, ಪಡಲ್ ಕಪ್ಪಾಗ್ತದೆ.

ಮತ್ತೆ ತೇವ. ಕರಾವಳಿಯ ಮಳೆಗಾಲದಲ್ಲಿ ಅರ್ಧ ಜಗಳ ಇದರದ್ದೇ. ಕರಗಿದ ಅಲ್ಯೂಮಿನಿಯಂ ಹೈಡ್ರೋಜನ್ ಕುಡೀತದೆ, ಗಟ್ಟಿಯಾಗುವಾಗ ಅದರ ಸುಮಾರು ಇಪ್ಪತ್ತನೇ ಒಂದು ಪಾಲು ಮಾತ್ರ ಒಳಗೆ ಇಟ್ಕೊಳ್ಲಿಕ್ಕೆ ಆಗುದು. ಉಳಿದದ್ದು ಗುಳ್ಳೆ. ಅರೆದಾಗ ಸೂಜಿ ಚುಚ್ಚಿದ ಹಾಗೆ ತೂತು ಕಾಣ್ತದಲ್ಲ, ಅದೇ. ಹೈಡ್ರೋಜನ್ ಬರುದು ನೀರು, ಎಣ್ಣೆ, ಬೆವರಿದ ಕೈ ಇವುಗಳಿಂದ. ಬೆಳಿಗ್ಗೆ ತಣ್ಣಗಿರುವ ಶೀಟಿನ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಉಂಟು, ಹಾಟ್ ಏರ್ ಗನ್ನಿನಲ್ಲಿ ಕೈಗೆ ಬೆಚ್ಚಗಾಗುವಷ್ಟು ಒಣಗಿಸಿ. ರಾಡನ್ನು ಮುಚ್ಚಳ ಇರುವ ಪಿವಿಸಿ ಪೈಪಿನಲ್ಲಿಡಿ. ಸಾದಾ ರಬ್ಬರ್ ಹೋಸ್ ಗಾಳಿಯ ತೇವ ಎಳೀತದೆ, ಕೆಲಸ ಶುರು ಮಾಡುವ ಮೊದಲು ಒಂದು ನಿಮಿಷ ಗ್ಯಾಸ್ ಬಿಟ್ಟು ಹೋಸ್ ತೊಳೀರಿ.

ಶೆಡ್_7

ಬರಿ ಚುಕ್ಕೆ ಪರೀಕ್ಷೆಯ ಫಲಿತಾಂಶ: ಹೊಸ ಕಡ್ಡಿ, 7ನೇ ಕಪ್, 9 ಲೀಟರ್, 120 ಆಂಪ್. ಚುಕ್ಕೆ ನಡುವೆ ಹೊಳಪು, ಒಂದು ಬದಿ ಮಾತ್ರ ಬೂದು. ಯಾವಾಗಲೂ ಅದೇ ಬದಿ. ನಾಬ್‌ನ ಅಂಕಿ ಪಾಸಿಟಿವ್ ಪಾಲು ಎಂದು ಮ್ಯಾನುವಲ್ ಹೇಳುತ್ತದೆ. ಅದು 50ರಲ್ಲಿತ್ತು, ಈಗ 30.

ಪೀಣ್ಯ_ಟಿಗ್

ಯಾವಾಗಲೂ ಒಂದೇ ಬದಿ ಎಂದರೆ ಟಾರ್ಚ್‌ನ ತಲೆಯಲ್ಲೇ ಸೋರಿಕೆ, ಇಲ್ಲವೇ ಆ ದಿಕ್ಕಿನಿಂದ ಗಾಳಿ. ಫ್ಯಾನ್ ಆರಿಸಿ ನೋಡಿ. ಹೋಗದಿದ್ದರೆ ಹಿಂದಿನ ಕ್ಯಾಪ್ ಬಿಚ್ಚಿ ಓ-ರಿಂಗ್ ನೋಡಿ, ಒಣಗಿ ಸೀಳಿದ್ದರೆ ಬದಲಿಸಿ. ಕಪ್ಪಿನ ಒಳಗಿನ ಬಿಳಿ ಇನ್ಸುಲೇಟರ್ ರಿಂಗ್ ಸರಿಯಾಗಿ ಕೂತಿದೆಯೇ, ಕಪ್ಪಿನ ಅಂಚು ಚಕ್ಕೆ ಎದ್ದಿದೆಯೇ, ಕೋಲೆಟ್ ಬಾಡಿಯ (ಟಂಗ್‌ಸ್ಟನ್ ಕೂರುವ, ಗ್ಯಾಸ್ ತೂತುಗಳಿರುವ ಭಾಗ) ಒಂದು ತೂತು ಕಟ್ಟಿದೆಯೇ ನೋಡಿ. ರೆಗ್ಯುಲೇಟರ್‌ನಿಂದ ಟಾರ್ಚ್‌ವರೆಗೆ ಪ್ರತಿ ಜೋಡಣೆಗೂ ಸೋಪು ನೀರು.

ಲೋಹಪಾಕ

ಈಗ ಬಿರುಕಿನ ವಿಷಯ, ಇದು ಗ್ಯಾಸಿಗೂ ಕೊಳೆಗೂ ಸಂಬಂಧವಿಲ್ಲದ್ದು. 6063, 6061, 6082 ಈ ಗುಂಪಿನಲ್ಲಿ ಮೆಗ್ನೀಸಿಯಂ, ಸಿಲಿಕಾನ್ ಎರಡೂ ಸ್ವಲ್ಪ ಸ್ವಲ್ಪ ಇವೆ. ಆ ಪ್ರಮಾಣವೇ ಬಿರುಕಿಗೆ ಹೇಳಿ ಮಾಡಿಸಿದ್ದು. ಗಟ್ಟಿಯಾಗುವ ಕೊನೆ ಹೊತ್ತಿನಲ್ಲಿ ಹರಳುಗಳ ನಡುವೆ ತೆಳು ದ್ರವ ಉಳಿದಿರುತ್ತದೆ. ಲೋಹ ಕುಗ್ಗುತ್ತದೆ, ಅದೂ ಕಬ್ಬಿಣದ ಎರಡರಷ್ಟು, ಆಗ ಅಲ್ಲೇ ಹರಿಯುತ್ತದೆ. ರಾಡ್ ಹಾಕಿದರೆ ಪಡಲಿನ ರಾಸಾಯನಿಕವೇ ಬದಲಾಗುತ್ತದೆ. ಆದ್ದರಿಂದ 6063ಕ್ಕೆ ರಾಡ್ ಇಲ್ಲದ ಟ್ಯಾಕ್ ಎಂಬುದೇ ಇಲ್ಲ. ಚಿಕ್ಕ ಟ್ಯಾಕ್‌ಗೂ ಒಂದು ಹನಿ ಬೇಕು. ಬಿರುಕು ಬಿಟ್ಟಿರುವ ಟ್ಯಾಕ್ ಮೇಲೆ ವೆಲ್ಡ್ ಎಳೆಯಬೇಡಿ, ಅರೆದು ತೆಗೆದು ಹೊಸದು ಹಾಕಿ. 3 ಮಿ.ಮೀ. ಶೀಟಿಗೆ 40–50 ಮಿ.ಮೀ. ಅಂತರದಲ್ಲಿ ಟ್ಯಾಕ್.

ರಾಡ್ ಆಯ್ಕೆ. 4043ರಲ್ಲಿ 5% ಸಿಲಿಕಾನ್: ಚೆನ್ನಾಗಿ ಹರಿಯುತ್ತದೆ, ಬಿರುಕು ಕಡಿಮೆ, ಮಸಿ ಕಡಿಮೆ, ಆದರೆ ಆನೊಡೈಸ್ ಮಾಡಿದರೆ ವೆಲ್ಡ್ ಕಡು ಬೂದಾಗುತ್ತದೆ. 5356ರಲ್ಲಿ 5% ಮೆಗ್ನೀಸಿಯಂ: ಗಟ್ಟಿ, ಬಾಗಿದರೂ ತಡೆಯುತ್ತದೆ, ಬಣ್ಣ ಹೊಂದುತ್ತದೆ, ಸ್ವಲ್ಪ ಮಸಿ ಬರುವುದು ಸಹಜ. ಒರೆಸಿದರೆ ಹೋಗುವ ಮಸಿ ಮೆಗ್ನೀಸಿಯಂ ಹೊಗೆ, ಚಿಂತಿಸಬೇಡಿ. ಒರೆಸಿದರೂ ಹೋಗದ ಚುಕ್ಕೆ ಕೊಳೆ. ನಿಮ್ಮ 5052 ಶೀಟಿಗೂ, ಶೀಟಿನಿಂದ ಪೈಪಿಗೂ 5356 ಹಾಕಿ. 4043ಯಲ್ಲೂ 5052 ಹಿಡಿಯುತ್ತದೆ, ಆದರೆ ವೆಲ್ಡ್ ಪೆಡಸಾಗುತ್ತದೆ. 5083ಗಂತೂ 4043 ಬೇಡವೇ ಬೇಡ. ಸದಾ 65 ಡಿಗ್ರಿ ಮೀರಿ ಬಿಸಿಯಾಗಿರುವ ಭಾಗಕ್ಕೆ ಮಾತ್ರ 5356 ಆಗದು, ಕಾಲಕ್ರಮದಲ್ಲಿ ತುಕ್ಕಿನಿಂದ ಬಿರುಕು ಬಿಡುತ್ತದೆ. ಗುರುತು ಅಳಿಸಿದ ರಾಡ್‌ಗಳಿದ್ದರೆ ಕೈಯಲ್ಲಿ ಬಗ್ಗಿಸಿ, ಮೆತ್ತಗೆ ಬಗ್ಗುವುದು 4043, ಬಿರುಸಾದದ್ದು 5356. ಖಚಿತವಿಲ್ಲದಿದ್ದರೆ ಭಾರ ಹೊರುವ ಜಾಗಕ್ಕೆ ಬಳಸಬೇಡಿ.

7075, 2024 ತುಂಡುಗಳು ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತವೆ ಎಂದು ತರಬೇಡಿ. ವೆಲ್ಡ್ ಚಂದವಾಗಿ ಕಾಣುತ್ತದೆ, ಬಿರುಕು ಒಳಗಿರುತ್ತದೆ. ಹಳೆ ವ್ಯಾಪಾರಿಗಳು ಎಚ್‌ಇ9 ಅಂದರೆ 6063, ಎಚ್‌ಇ30 ಅಂದರೆ 6082.

ಗೇರುಬೀಜ

ಬ್ಯೂಟೇನ್ ಟಾರ್ಚ್‌ನಲ್ಲೇ ಕರಗುವ ಅಲ್ಯೂಮಿನಿಯಂ ರಾಡ್ ಜಾಹೀರಾತು ದಿನಾ ಬರುತ್ತದೆ. ಈ ಪೆಟ್ಟಿಗೆಗೆ ಅದು ಸಾಕಾಗುವುದಿಲ್ಲವೇ? ಇಷ್ಟೆಲ್ಲ ಮೆಷಿನ್ ಯಾಕೆ?

ಲೋಹಪಾಕ

ಅದು ವೆಲ್ಡಿಂಗ್ ಅಲ್ಲ, ಸೋಲ್ಡರ್‌ನಂಥ ಬೆಸುಗೆ: ರಾಡ್ ಮಾತ್ರ ಕರಗುತ್ತದೆ, ಮೂಲ ಲೋಹ ಕರಗುವುದಿಲ್ಲ. ಅದರಲ್ಲಿ ಎರಡು ಜಾತಿ. ಸತು ಆಧಾರಿತ ರಾಡ್ ಸುಮಾರು 380–400 ಡಿಗ್ರಿಯಲ್ಲಿ ಕರಗುತ್ತದೆ. ಜ್ವಾಲೆ ರಾಡ್‌ಗಲ್ಲ, ಮೂಲ ಲೋಹಕ್ಕೆ. ಲೋಹದ ಬಿಸಿಗೇ ರಾಡ್ ಕರಗಬೇಕು, ಕರಗಿದ ಹನಿಯ ಕೆಳಗೆ ಸ್ಟೇನ್‌ಲೆಸ್ ಬ್ರಶ್ ಅಥವಾ ಚೂಪು ಕಡ್ಡಿಯಿಂದ ಕೆರೆದು ಪೊರೆ ಒಡೆಯಬೇಕು. ಸಣ್ಣ ತೂತು, ನೀರಿನ ಸೋರಿಕೆ, ಮುರಿದ ಬ್ರಾಕೆಟ್ ಕಿವಿ ಇವಕ್ಕೆ ಸರಿ. ದೊಡ್ಡ ಶೀಟಿಗೆ ಬ್ಯೂಟೇನ್ ಶಾಖವೇ ಸಾಲದು. ಒಮ್ಮೆ ಸತು ಹತ್ತಿಸಿದ ಜಾಗಕ್ಕೆ ಆಮೇಲೆ ಆರ್ಗಾನ್ ವೆಲ್ಡ್ ಕೂರುವುದಿಲ್ಲ, ಸತು ಕುದಿದು ಹೊಗೆಯಾಗಿ ಏಳುತ್ತದೆ. ಎರಡನೆಯದು ಸಿಲಿಕಾನ್ ಆಧಾರಿತ, ಒಳಗೆ ಫ್ಲಕ್ಸ್ ಇರುವ ರಾಡ್. ಅದು 577 ಡಿಗ್ರಿ ಮೇಲೆ ಕರಗುತ್ತದೆ, 5052 ಕರಗಲು ಶುರುವಾಗುವುದು ಸುಮಾರು 607ರಲ್ಲಿ. ನಡುವಿನ ಅಂತರ ನೋಡಿ. ಸಾಲದ್ದಕ್ಕೆ ಮೆಗ್ನೀಸಿಯಂ ಹೆಚ್ಚಿರುವ ಲೋಹಕ್ಕೆ ಆ ಫ್ಲಕ್ಸ್ ಸರಿಯಾಗಿ ಹಿಡಿಯುವುದೂ ಇಲ್ಲ. ಫ್ಲಕ್ಸ್ ತೊಳೆಯದಿದ್ದರೆ ಲೋಹ ಕೊರೆಯುತ್ತದೆ.

ಓಡುವ ಗಾಡಿಯ ಪೆಟ್ಟಿಗೆಗೆ ನಾನು ಹೇಳುವುದಿಲ್ಲ.

ಮಲೆನಾಡ್_ಮೋಟಾರ್

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಬೈಕ್ ಎಂಜಿನ್ನಿನ ಸೈಡ್ ಕವರ್, ಎರಕದ್ದು, 70 ಮಿ.ಮೀ. ಬಿರುಕು, ಎಣ್ಣೆ ಸೋರುತ್ತದೆ. ಇದೇ ಸೆಟ್ಟಿಂಗ್ ನಡೆಯುತ್ತದೆಯೇ?

ಹುಬ್ಬಳ್ಳಿ_ಆರ್ಗಾನ್

ನಡೀತೈತಿ, ಆದ್ರ ತಯಾರಿನೇ ಮುಕ್ಕಾಲು ಕೆಲಸರಿ.

ಮೊದಲು ಅದು ಅಲ್ಯೂಮಿನಿಯಂ ಹೌದೋ ಅಲ್ಲೋ ನೋಡ್ರಿ. ಕೆಲವು ಕವರ್ ಮೆಗ್ನೀಸಿಯಂ ಇರತಾವು. ಒಳಬದಿ ಕೆರದು ಒಂದು ಹನಿ ವಿನೆಗರ್ ಹಾಕ್ರಿ. ಬುರುಬುರು ಗುಳ್ಳಿ ಬಂದ್ರ ಮೆಗ್ನೀಸಿಯಂ, ಅದನ್ನ ಮನ್ಯಾಗ ಮುಟ್ಟಬ್ಯಾಡ್ರಿ, ಅದರ ಪುಡಿ ಹೊತ್ತಿಕೊಂಡ್ರ ನೀರು ಹಾಕಿದ್ರೂ ಆರೂದಿಲ್ಲ, ಇನ್ನೂ ಜೋರಾಗತೈತಿ.

ಅಲ್ಯೂಮಿನಿಯಂ ಆದ್ರ, ಬಿರುಕಿನ ಎರಡೂ ತುದಿ ಹುಡುಕಿ ತುದಿಯಿಂದ ಒಂದೆರಡು ಮಿ.ಮೀ. ಮುಂದ 3 ಮಿ.ಮೀ. ತೂತು ಕೊರೀರಿ, ಇಲ್ಲಂದ್ರ ಕಾಯಿಸಿದಾಗ ಮತ್ತ ಓಡತೈತಿ. ಕಾರ್ಬೈಡ್ ಬರ್‌ನಿಂದ ವಿ ಆಕಾರಕ್ಕ ತಗೀರಿ, ಗೋಡೆಯ ಮುಕ್ಕಾಲು ಆಳ. ಕಲ್ಲಿನ ವೀಲ್ ಬ್ಯಾಡ. ಆಮ್ಯಾಲೆ ಎಣ್ಣಿ. ಎರಕದ ಸಣ್ಣ ತೂತಿನೊಳಗ ವರ್ಷಗಟ್ಟಲೆ ಎಣ್ಣಿ ಕುಂತಿರತೈತಿ. ಅಸಿಟೋನ್ ಪೂರ್ತಿ ಆರಿದ ಮ್ಯಾಲೆ ಹಾಟ್ ಏರ್ ಗನ್ನಿನ್ಯಾಗ 150 ಡಿಗ್ರಿತನಕ ಕಾಸ್ರಿ, ಬೆವತಂಗ ಎಣ್ಣಿ ಹೊರಗ ಬರತೈತಿ, ಆರಿಸಿ ಒರಸ್ರಿ, ಮತ್ತ ಕಾಸ್ರಿ. ಬರೂದು ನಿಂತ ಮ್ಯಾಲೆ ವೆಲ್ಡ್.

ಮೊದಲನೇ ಪಾಸ್ ಹೊಲಸ ಬರತೈತಿ, ಬರಲಿ. ಕರಗಿದ್ದರ ಮ್ಯಾಲೆ ಕೊಳಿ ತೇಲಿ ಬರತೈತಿ, ಅದನ್ನ ಬರ್‌ನಿಂದ ತಗದು ಮತ್ತ ಮಾಡ್ರಿ. ಬ್ಯಾಲೆನ್ಸ್ ಪಾಸಿಟಿವ್ 35. ರಾಡ್ 4043, ಡೈ ಕಾಸ್ಟಿಂಗಿಗೆ (ಲೋಹದ ಅಚ್ಚಿನೊಳಗ ಒತ್ತಿ ಹೊಯ್ದ ಎರಕ) 4047 ಸಿಕ್ರ ಇನ್ನೂ ಚಲೋ, ಅದರಾಗ 12% ಸಿಲಿಕಾನ್ ಇರೂದರಿಂದ ಬೇಗ ಹರೀತೈತಿ. 20–25 ಮಿ.ಮೀ. ಮಾಡಿ ನಿಲ್ಲಸ್ರಿ. ಮುಗದ ಮ್ಯಾಲೆ ಒಣ ಉಸುಕಿನ್ಯಾಗ ಹುಗದು ಆರಾಕ ಬಿಡ್ರಿ. ಗ್ಯಾಸ್ಕೆಟ್ ಮುಖ ಬಾಗಿರತೈತಿ, ಗಾಜಿನ ಮ್ಯಾಲೆ ಎಮರಿ ಇಟ್ಟು ಉಜ್ಜಿ ಸಮ ಮಾಡ್ರಿ. ಸಾಧ್ಯ ಆದ್ರ ಕವರನ್ನ ಹಳೀ ಕೇಸಿಗೆ ಬೋಲ್ಟ್ ಹಾಕಿ ಬಿಗಿದ ವೆಲ್ಡ್ ಮಾಡ್ರಿ.

ಲೋಹಪಾಕ

ಒಂದು ಸೇರಿಸುತ್ತೇನೆ. ಇಂಥ ಕವರ್‌ಗಳು ಬಹಳಷ್ಟು ಎಡಿಸಿ12 ಎಂಬ ಮಿಶ್ರಲೋಹದ ಪ್ರೆಶರ್ ಡೈ ಕಾಸ್ಟಿಂಗ್. ಎರಕ ಹೊಯ್ಯುವಾಗಲೇ ಗಾಳಿ ಒತ್ತಡದಲ್ಲಿ ಒಳಗೆ ಸಿಕ್ಕಿರುತ್ತದೆ. ನೀವು ಎಷ್ಟೇ ತೊಳೆದರೂ ಅದು ಕರಗಿದಾಗ ಬುಗ್ಗೆಯಾಗಿ ಏಳುತ್ತದೆ. ಅದು ಕೈಯ ತಪ್ಪಲ್ಲ. ಎಲ್‌ಎಂ25ನಂಥ ಮಿಶ್ರಲೋಹದ ಗ್ರಾವಿಟಿ ಎರಕ (ಒತ್ತಡವಿಲ್ಲದೆ ಹೊಯ್ದದ್ದು) ಇದಕ್ಕಿಂತ ಎಷ್ಟೋ ಸೌಮ್ಯ. ಬಿಸಿ ಅಳೆಯಲು ಇನ್‌ಫ್ರಾರೆಡ್ ಗನ್ ನಂಬಬೇಡಿ, ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಬಹಳ ಕಡಿಮೆ ತೋರಿಸುತ್ತದೆ. ಟೆಂಪರೇಚರ್ ಚಾಕ್ ಅಥವಾ ತಾಗಿಸುವ ಥರ್ಮೋಕಪಲ್ ಬಳಸಿ.

ಮತ್ತೆ, ಅಲಾಯ್ ವೀಲ್, ಸ್ವಿಂಗ್ ಆರ್ಮ್, ಬ್ರೇಕ್ ಭಾಗ, ಪ್ರೆಶರ್ ಕುಕ್ಕರ್ ಇವನ್ನು ಮನೆಯಲ್ಲಿ ವೆಲ್ಡ್ ಮಾಡಬೇಡಿ.

ಶೆಡ್_7

ಓ-ರಿಂಗ್ ಬದಲಿಸಿದ ಮೇಲೆ ಚುಕ್ಕೆ ಪೂರ್ತಿ ಹೊಳೆಯಿತು. 5356, 125 ಆಂಪ್‌ನಲ್ಲಿ ಶೀಟ್ ಮೂಲೆಗಳು ಬರುತ್ತಿವೆ. ಎರಡು ಪ್ರಶ್ನೆ. ಒಂದು, ಪೈಪ್ ಚೌಕಟ್ಟಿಗೆ ವೆಲ್ಡ್ ಆದ ಮೇಲೆ ಎಷ್ಟು ಬಲ ಉಳಿಯುತ್ತದೆ? ಎರಡು, 16 ಆಂಪ್ ಪಾಯಿಂಟ್‌ನ ಎಂಸಿಬಿ ಆಗಾಗ ಬೀಳುತ್ತದೆ.

ಪೀಣ್ಯ_ಟಿಗ್

ಎಂಸಿಬಿ ಲೆಕ್ಕ ಹೀಗೆ. 130 ಆಂಪ್‌ನಲ್ಲಿ ಆರ್ಕ್ ವೋಲ್ಟೇಜ್ ಸುಮಾರು 15, ಅಂದರೆ ಸುಮಾರು 2 ಕಿಲೋವ್ಯಾಟ್. ಮೆಷಿನ್ನಿನ ನಷ್ಟ ಸೇರಿ ಎರಡೂವರೆ. ಪವರ್ ಫ್ಯಾಕ್ಟರ್ 0.7ರ ಆಸುಪಾಸಿನಲ್ಲಿ ಇರುವ ಸಾದಾ ಇನ್ವರ್ಟರ್ 230 ವೋಲ್ಟ್‌ನಲ್ಲಿ 15–16 ಆಂಪ್ ಎಳೆಯುತ್ತದೆ. ಊರಲ್ಲಿ 200 ವೋಲ್ಟ್‌ಗೆ ಇಳಿದರೆ ಇನ್ನೂ ಜಾಸ್ತಿ. 200 ಆಂಪ್ ಪೂರ್ತಿ ಬೇಕಾದರೆ 28ರ ಹತ್ತಿರ. ಆದ್ದರಿಂದ 3 ಮಿ.ಮೀ. ನಿಮ್ಮ ಪಾಯಿಂಟ್‌ನ ಗಡಿ. ಅದರಾಚೆಗೆ ಮೀಟರ್ ಬೋರ್ಡ್‌ನಿಂದ ಬೇರೆ ಲೈನ್, 6 ಚದರ ಮಿ.ಮೀ. ತಾಮ್ರದ ವೈರ್, 32 ಆಂಪ್ ಸಿ-ಕರ್ವ್ ಎಂಸಿಬಿ, ಇಂಡಸ್ಟ್ರಿಯಲ್ ಸಾಕೆಟ್. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದರೆ ಮೊದಲು ಅದನ್ನು ಏರಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಎಕ್ಸ್‌ಟೆನ್ಶನ್ ಬಾಕ್ಸ್‌ನ ವೈರನ್ನು ಸುತ್ತಿಟ್ಟು ಕೆಲಸ ಮಾಡಬೇಡಿ, ಸುರುಳಿಯೊಳಗೇ ಕರಗುತ್ತದೆ.

ಲೋಹಪಾಕ

ಬಲದ ಪ್ರಶ್ನೆ. 6063-ಟಿ6 ಗಟ್ಟಿಯಾಗಿರುವುದು ಶಾಖ ಸಂಸ್ಕಾರದಿಂದ. ವೆಲ್ಡ್ ಆ ಸಂಸ್ಕಾರವನ್ನು ಅಳಿಸುತ್ತದೆ. ವೆಲ್ಡ್‌ನ ಎರಡೂ ಬದಿ ಸುಮಾರು 25 ಮಿ.ಮೀ. ಅಗಲಕ್ಕೆ ಅರ್ಧದಷ್ಟೇ ಬಲ ಎಂದು ಹಿಡಿದು ವಿನ್ಯಾಸ ಮಾಡಿ. 6061-ಟಿ6ರ 310 ಮೆಗಾಪಾಸ್ಕಲ್ ಅಲ್ಲಿ 165ಕ್ಕೆ ಇಳಿಯುತ್ತದೆ. ಮತ್ತೆ ಗಟ್ಟಿ ಮಾಡಬೇಕಾದರೆ 530 ಡಿಗ್ರಿಗೆ ಕಾಸಿ, ನೀರಿಗೆ ಅದ್ದಿ, ಆಮೇಲೆ 160–175ರಲ್ಲಿ ಗಂಟೆಗಟ್ಟಲೆ ಇಡಬೇಕು. ಶೆಡ್‌ನಲ್ಲಿ ಆಗದ ಮಾತು, ಇಡೀ ಚೌಕಟ್ಟು ಸೊಟ್ಟಗಾಗುತ್ತದೆ. ದಪ್ಪ ವೆಲ್ಡ್ ಹಾಕಿದರೆ ಬಲ ಬರುತ್ತದೆ ಎನ್ನುವುದು ಸುಳ್ಳು, ದಪ್ಪ ವೆಲ್ಡ್ ಎಂದರೆ ಹೆಚ್ಚು ಶಾಖ, ಹೆಚ್ಚು ಮೆತ್ತಗಾದ ಲೋಹ. ಪೈಪ್ ಬಾಗುವ ನಡುಭಾಗದಲ್ಲಿ ಅಡ್ಡ ವೆಲ್ಡ್ ಬೇಡ, ಜೋಡಣೆಯನ್ನು ತುದಿಗೆ ತನ್ನಿ. ಮೂಲೆಗೆ 3 ಮಿ.ಮೀ. ತ್ರಿಕೋನ ಗಸೆಟ್ (ಬಲಕ್ಕೆ ಸೇರಿಸುವ ತಗಡು) ಕೊಡಿ, ಅದರ ವೆಲ್ಡ್ ಪೈಪಿನ ಉದ್ದಕ್ಕೆ ಓಡಲಿ. 5052 ಶೀಟಿಗೆ ಈ ತಲೆನೋವು ಕಡಿಮೆ, ಅದರ ಬಲ ಶಾಖ ಸಂಸ್ಕಾರದ್ದಲ್ಲ.

ಕಡಲತಡಿ_ಫ್ಯಾಬ್

ಸುರಕ್ಷತೆ ಬಗ್ಗೆ ಎರಡೇ ಮಾತು, ಗ್ಲೌಸ್ ಕನ್ನಡಕ ಎಲ್ಲರಿಗೂ ಗೊತ್ತುಂಟು. ಒಂದು, ಸ್ಪ್ರೇ ಡಬ್ಬದ ಬ್ರೇಕ್ ಕ್ಲೀನರ್. ಕ್ಲೋರಿನ್ ಇರುವ ದ್ರಾವಕ ಹಾಕಿ ಅದರ ಮೇಲೆ ಆರ್ಕ್ ಹೊಡೆದ್ರೆ ಫಾಸ್ಜೀನ್ ಆಗ್ತದೆ, ಅದು ವಿಷಾನಿಲ. ಆವಿ ಹತ್ತಿರದಲ್ಲಿ ಇದ್ರೂ ಆರ್ಕಿನ ಬೆಳಕೇ ಸಾಕು. ಅಸಿಟೋನ್ ಬಿಟ್ಟು ಬೇರೆ ಬೇಡ, ಅದೂ ಒಣಗಿದ ಮೇಲೆ, ಡಬ್ಬ ದೂರ ಇಟ್ಟ ಮೇಲೆ. ಎರಡು, ಗ್ರೈಂಡರ್ ಧೂಳು. ಅಲ್ಯೂಮಿನಿಯಂ ಪುಡಿ ಕಬ್ಬಿಣದ ತುಕ್ಕಿನ ಜೊತೆ ಬೆರೆತು ಕಿಡಿ ಬಿದ್ರೆ ಥರ್ಮೈಟ್, ಅಂದ್ರೆ ಭಾರೀ ಬಿಸಿಯ ಬೆಂಕಿ. ಕಬ್ಬಿಣ ಅರೆದ ಜಾಗದಲ್ಲೇ ಇದನ್ನು ಅರೆಯುದು ಬೇಡ, ದಿನಾ ಗುಡಿಸಿ. ಗಾಜು 10–11 ನಂಬರ್. ಬಿಳಿ ಲೋಹ ಬೆಳಕನ್ನು ಕೆಳಗಿನಿಂದ ಮುಖಕ್ಕೆ ಹೊಡೀತದೆ, ಕತ್ತು ಮುಚ್ಚಿ.

ಗೇರುಬೀಜ

ಮಿಗ್‌ನಲ್ಲಿ ಆಗದೇ? ಬೇಗ ಮುಗಿಯುತ್ತದಲ್ಲ.

ಪೀಣ್ಯ_ಟಿಗ್

3 ಮಿ.ಮೀ. ಮೇಲ್ಪಟ್ಟು ಉದ್ದ ವೆಲ್ಡ್ ಇದ್ದರೆ ಆಗುತ್ತದೆ. ಸ್ಪೂಲ್ ಗನ್ (ವೈರ್ ಸುರುಳಿ ಗನ್ನಿನಲ್ಲೇ ಇರುವಂಥದ್ದು), 1.0 ಅಥವಾ 1.2 ಮಿ.ಮೀ. 5356 ವೈರ್, ಶುದ್ಧ ಆರ್ಗಾನ್ 15–20 ಲೀಟರ್, ಡಿಸಿ ಪಾಸಿಟಿವ್, ಗನ್ನನ್ನು ಮುಂದಕ್ಕೆ ತಳ್ಳುತ್ತಾ ಹೋಗಬೇಕು. ಸ್ಪೂಲ್ ಗನ್ ಇಲ್ಲದೆ ಉದ್ದ ಕೇಬಲ್‌ನಲ್ಲಿ ಮೆತ್ತನೆ ವೈರ್ ತಳ್ಳಿದರೆ ರೋಲರ್ ಬಳಿ ಹಕ್ಕಿಗೂಡು ಕಟ್ಟುತ್ತದೆ. 2 ಮಿ.ಮೀ. ಪೈಪಿಗೆ ಮಿಗ್ ಬೇಡ.

ಶೆಡ್_7

ಕೊನೆಯದೊಂದು. ಪೈಪ್ ಚೌಕಟ್ಟಿನಲ್ಲಿ ಎಲ್ಲ ಜೋಡಣೆ ಚೆನ್ನಾಗಿ ಬಂದು, ಕೊನೆಯ ಮೂಲೆ ಮುಚ್ಚುವಾಗ ಮಾತ್ರ ಪಡಲ್ ಹೊರಕ್ಕೆ ಸಿಡಿಯುತ್ತದೆ. ಆಂಪ್ 80ರಿಂದ 70ಕ್ಕೆ ಇಳಿಸಿದರೂ ಅದೇ.

ಹುಬ್ಬಳ್ಳಿ_ಆರ್ಗಾನ್

ಆಂಪ್ ಮುಟ್ಟಬ್ಯಾಡ್ರಿ, 80ಕ್ಕ ಇಡ್ರಿ. ಪೈಪಿನೊಳಗಿನ ಗಾಳಿ ಕಾದು ಹಿಗ್ಗಿ ಹೊರಗ ಬರಾಕ ದಾರಿ ಹುಡುಕತೈತಿ, ಇರೂದೊಂದ ದಾರಿ ನಿಮ್ಮ ಪಡಲ್. ಪ್ರತಿ ಪೈಪಿಗೆ ಒಳಬದಿ, ವೆಲ್ಡಿನಿಂದ 40 ಮಿ.ಮೀ. ದೂರ, 3 ಮಿ.ಮೀ. ತೂತು ಹಾಕ್ರಿ. ಗಾಡಿ ಮ್ಯಾಲೆ ಕೂಡಿಸಿದಾಗ ತೂತು ಕೆಳಮುಖ ಇರಲಿ, ಮಳಿ ನೀರು ಒಳಗ ನಿಂತ್ರ ಅದಕ್ಕೂ ಹೊರಗ ಹೋಗಾಕ ದಾರಿ ಬೇಕು.